ಇಪ್ಪತ್ತೊಂದು ತುಂಬದ ಹುಡುಗನೊಡನೆ ಸಿಂಗಪುರ ಮತ್ತು ಗೆಂಟಿಂಗ್

ಹೊರಡುವ ಮುನ್ನ

ದಸರಾ ರಜೆಯಲ್ಲಿ ಸಿಂಗಪುರ ಮತ್ತು ಮಲೇಷ್ಯಾ ನೋಡಿ ಬರೋಣವೆಂದು ಅಕ್ಕನ ಮನೆಯವರೂ ನಾವೂ ಸೇರಿ ತೀರ್ಮಾನಿಸಿದೆವು. ಕೈಗೆ ಬಂದ ಪ್ರವಾಸದ ಪಟ್ಟಿಯಲ್ಲಿ ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್, ಅಲ್ಲಿನದೇ ಸೆಂಟೋಸಾ ದ್ವೀಪದ ರೆಸಾರ್ಟ್ಸ್ ವರ್ಲ್ಡ್ ಮತ್ತು ಮಲೇಷ್ಯಾದ ಬೆಟ್ಟದ ಮೇಲಿನ ಗೆಂಟಿಂಗ್ ಹೈಲ್ಯಾಂಡ್ಸ್ ಎಂಬ ಮೂರು ಹೆಸರುಗಳು ದಪ್ಪ ಅಕ್ಷರಗಳಲ್ಲಿದ್ದವು. ಬೆಂಗಳೂರಿನಿಂದ ಹೊರಡುವ ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಈ ಮೂರು ಜಾಗಗಳಲ್ಲಿ ಒಂದಾದರೂ ಇರುತ್ತದೆ. ಈಜುಕೊಳ, ಥೀಮ್ ಪಾರ್ಕ್, ಕೇಬಲ್ ಕಾರುಗಳ ಬಣ್ಣದ ಚಿತ್ರಗಳನ್ನು ನೋಡುವವರಿಗೆ, ಈ ಮೂರೂ ಕ್ಯಾಸಿನೊ ಇರುವ ರೆಸಾರ್ಟ್‌ಗಳು, ಅವುಗಳ ಒಂದು ಭಾಗಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗಲಾಗದು ಎಂಬ ವಿಷಯ ಸುಲಭವಾಗಿ ಹೊಳೆಯುವುದಿಲ್ಲ.

ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ ಅಮ್ಮ, ಅಕ್ಕ, ಭಾವ, ನಮ್ಮ ಯಜಮಾನರು, ನಾನು, ಎಂಟು ವರ್ಷದ ನನ್ನ ಮಗಳು ಮತ್ತು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಇದ್ದೆವು. ಮಗಳ ವಿಷಯದಲ್ಲಿ ನನಗೆ ಯೋಚನೆ ಇರಲಿಲ್ಲ. ಎಂಟು ವರ್ಷದ ಮಗುವನ್ನು ಜೂಜಿನ ಕೋಣೆಗೆ ಕರೆದೊಯ್ಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಯೋಚನೆಯಾದದ್ದು ಅಕ್ಕನ ಮಗನ ವಿಷಯದಲ್ಲಿ. ಅವನಿಗೆ ಇಪ್ಪತ್ತು ವರ್ಷ. ನೋಡಲು ಭಾವನಿಗಿಂತ ಎತ್ತರ. ನಮ್ಮ ದೇಶದಲ್ಲಿ ಅವನು ಮತ ಹಾಕುತ್ತಾನೆ, ಕಾರು ಓಡಿಸುತ್ತಾನೆ, ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕುತ್ತಾನೆ. ಸಿಂಗಪುರದಲ್ಲಾಗಲಿ ಮಲೇಷ್ಯಾದಲ್ಲಾಗಲಿ ಕ್ಯಾಸಿನೊ ಪ್ರವೇಶಕ್ಕೆ 21 ವರ್ಷ ತುಂಬಿರಬೇಕು. ಅವನಿಗೆ ಅದು ತುಂಬಲು ಇನ್ನೂ ಕೆಲವು ತಿಂಗಳುಗಳಿದ್ದವು.

ಇಂಥ ವಯಸ್ಸಿನ ಮಿತಿ ನಮ್ಮವರ ಮನಸ್ಸಿಗೆ ತಾನಾಗಿ ಬಾರದಿರುವುದಕ್ಕೆ ಕಾರಣವೂ ಇದೆ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ ಪ್ರಕಾರ ಜೂಜಿನ ಅಡ್ಡೆ ನಡೆಸುವುದೇ ಅಪರಾಧ. ಕ್ಯಾಸಿನೊ ಇಲ್ಲದ ಕಡೆ ಎಷ್ಟು ವಯಸ್ಸಿನವರು ಒಳಗೆ ಹೋಗಬಹುದು ಎಂದು ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ವಾರಾಂತ್ಯಕ್ಕೆ ಗೋವಾಕ್ಕೆ ಹೋಗುವವರಿಗೆ ಮಾತ್ರ ಇದು ಗೊತ್ತಿರುತ್ತದೆ, ಏಕೆಂದರೆ ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿಯೂ ಮಿತಿ 21 ವರ್ಷವೇ.

ಪಟ್ಟಿಯಲ್ಲಿ ಗೆಂಟಿಂಗ್‌ನ ಸಂಜೆಯ ಮುಂದೆ ‘ಬಿಡುವು’ ಎಂದಷ್ಟೇ ಬರೆದಿತ್ತು. ಬೆಟ್ಟದ ಮೇಲಿನ ಕ್ಯಾಸಿನೊ ರೆಸಾರ್ಟ್‌ನಲ್ಲಿ ಸಂಜೆಯ ಬಿಡುವೆಂದರೆ ದೊಡ್ಡವರು ಒಳಗೆ, ಉಳಿದವರು ಹೊರಗೆ ಎಂದಾಗಿಬಿಡುತ್ತದೆ. ಹಾಗಾಗಿ ಯಾವ ಸಂಜೆ ಯಾರು ಯಾರ ಜೊತೆ ಇರಬೇಕೆಂಬುದನ್ನು ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಂಡೆವು. ಮಗಳ ಜೊತೆ ಅಪ್ಪ ಅಥವಾ ಅಮ್ಮ, ಇಬ್ಬರಲ್ಲಿ ಒಬ್ಬರು ಸದಾ ಇರಬೇಕು. ಮಗುವನ್ನು ನೋಡಿಕೊಳ್ಳುವ ಕೆಲಸವನ್ನು, ಒಳಗೆ ಹೋಗಲು ವಯಸ್ಸಾಗಿಲ್ಲವೆಂಬ ಒಂದೇ ಕಾರಣಕ್ಕೆ, ಅಕ್ಕನ ಮಗನ ತಲೆಗೆ ಕಟ್ಟಬಾರದು ಎಂದು ನಾನು ಹೇಳಿದೆ. ಅಕ್ಕ ಒಪ್ಪಿದಳು.

ಮೊದಲ ದಿನ: ಮರೀನಾ ಬೇ

ಸಿಂಗಪುರಕ್ಕೆ ಬೆಳಿಗ್ಗೆ ಇಳಿದು, ಸೆರಂಗೂನ್ ರಸ್ತೆಯ ಹೋಟೆಲ್‌ನಲ್ಲಿ ಸಾಮಾನು ಇಳಿಸಿ, ಇಡ್ಲಿ ಸಾಂಬಾರ್ ತಿಂದು ಮೆಟ್ರೊ ಹಿಡಿದೆವು. ಬೇಫ್ರಂಟ್ ನಿಲ್ದಾಣದಲ್ಲಿ ಇಳಿದರೆ ಎಸ್ಕಲೇಟರ್ ನೇರವಾಗಿ ಮರೀನಾ ಬೇ ಸ್ಯಾಂಡ್ಸ್‌ನ ಮಾಲ್‌ಗೆ ತಲುಪಿಸುತ್ತದೆ. ವಾಸ್ತುಶಿಲ್ಪಿ ಮೋಶೆ ಸಫ್ದಿ ರೂಪಿಸಿದ, 55 ಮಹಡಿಗಳ ಮೂರು ಗೋಪುರಗಳ ಮೇಲೆ ಹಡಗನ್ನು ಇಟ್ಟಂತೆ ಕಾಣುವ ಈ ಕಟ್ಟಡ 2010ರ ಏಪ್ರಿಲ್ 27ರಂದು ಬಾಗಿಲು ತೆರೆಯಿತು. ಕ್ಯಾಸಿನೊಗಳನ್ನು ದಶಕಗಳ ಕಾಲ ದೂರವಿಟ್ಟಿದ್ದ ಸಿಂಗಪುರ 2005ರಲ್ಲಿ ಲೀ ಸಿಯೆನ್ ಲೂಂಗ್ ಪ್ರಧಾನಿಯಾಗಿದ್ದಾಗ ಮನಸ್ಸು ಬದಲಿಸಿ, 2006ರಲ್ಲಿ ಪ್ರತ್ಯೇಕ ಕಾಯ್ದೆ ತಂದು, ಇದಕ್ಕೂ ಸೆಂಟೋಸಾದ ರೆಸಾರ್ಟ್‌ಗೂ ಅನುಮತಿ ಕೊಟ್ಟಿತು.

ಮಾಲ್‌ನೊಳಗೆ ಕಾಲುವೆಯಿದೆ, ಅದರಲ್ಲಿ ಪುಟ್ಟ ದೋಣಿಗಳು ಓಡಾಡುತ್ತವೆ. ಮಗಳು ಅವುಗಳ ಮುಂದೆ ನಿಂತವಳು ಅಲ್ಲಾಡಲಿಲ್ಲ. ಕ್ಯಾಸಿನೊ ಇದೇ ಸಮುಚ್ಚಯದಲ್ಲಿದ್ದರೂ ಮಾಲ್‌ನಲ್ಲಿ ಓಡಾಡುವ ಕುಟುಂಬದ ದಾರಿಗೆ ಅದು ಎಲ್ಲಿಯೂ ಅಡ್ಡ ಬರುವುದಿಲ್ಲ. ಅದಕ್ಕೆ ಬೇರೆಯೇ ದ್ವಾರ, ದ್ವಾರದಲ್ಲಿ ತಪಾಸಣೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಹೀಗಲ್ಲ. ನೆವಾಡಾ ರಾಜ್ಯದ ಕಾನೂನಿನಲ್ಲಿಯೂ ಮಿತಿ 21 ವರ್ಷವೇ ಆದರೂ, ಅಲ್ಲಿನ ಅನೇಕ ಹೋಟೆಲ್‌ಗಳಲ್ಲಿ ಕೋಣೆಗೆ ಅಥವಾ ಊಟದ ಮನೆಗೆ ಹೋಗಬೇಕಾದರೆ ಜೂಜಿನ ಯಂತ್ರಗಳ ನಡುವೆಯೇ ನಡೆದು ಹೋಗಬೇಕು. ಮಕ್ಕಳು ಹಾದು ಹೋಗಬಹುದು, ನಿಲ್ಲುವಂತಿಲ್ಲ. ಅಲ್ಲಿಗೆ ಹೋಗಿಬಂದ ಭಾವ, ಮಗುವಿನ ಕೈಹಿಡಿದು ಆ ದಾರಿಯಲ್ಲಿ ನಡೆಯುವ ತಂದೆತಾಯಿಗಳಿಗೆ ಪ್ರತಿ ಸಲವೂ ಅವಸರ ಎಂದರು. ಸಿಂಗಪುರದ ವ್ಯವಸ್ಥೆಯಲ್ಲಿ ಆ ಅವಸರವಿಲ್ಲ, ಮತ್ತು ಮಕ್ಕಳೊಡನೆ ಬರುವವರಿಗೆ ಇದೇ ಮೇಲೆಂದು ನನಗೆ ಅಲ್ಲಿಯೇ ಅನಿಸಿತು.

ಭಾವನಿಗೆ ಒಳಗೆ ಹೋಗಿ ನೋಡುವ ಆಸೆಯಿತ್ತು. ಅವರನ್ನು ಬಿಡಲು ನಾವೆಲ್ಲ ದ್ವಾರದ ಹತ್ತಿರದವರೆಗೆ ಹೋದೆವು. ಅಲ್ಲಿ ಎರಡು ಸಾಲುಗಳಿದ್ದವು. ಸಿಂಗಪುರದ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಒಂದು ಸಾಲು. ಅವರು ಒಳಗೆ ಕಾಲಿಡುವ ಮೊದಲೇ 24 ಗಂಟೆಗೆ 150 ಸಿಂಗಪುರ ಡಾಲರ್, ಅಥವಾ ವರ್ಷಕ್ಕೆ 3,000 ಡಾಲರ್ ಶುಲ್ಕ ಕಟ್ಟಬೇಕು. 2019ರ ಏಪ್ರಿಲ್‌ಗೆ ಮುನ್ನ ಅದು 100 ಮತ್ತು 2,000 ಇತ್ತು. ವಿದೇಶಿಯರಿಗೆ ಈ ಶುಲ್ಕವಿಲ್ಲ, ಪಾಸ್‌ಪೋರ್ಟ್ ತೋರಿಸಿದರೆ ಸಾಕು. ತನ್ನ ಜನ ಜೂಜಿಗೆ ಬೀಳದಿರಲಿ ಎಂದು ಬಾಗಿಲಲ್ಲೇ ಹಣ ಕೇಳುವ ಸರ್ಕಾರ ನಮ್ಮಂಥ ಪ್ರವಾಸಿಗರನ್ನು ಪುಕ್ಕಟೆಯಾಗಿ ಒಳಗೆ ಬಿಡುತ್ತದೆ ಎಂಬುದನ್ನು ಪ್ರವಾಸಿ ಕುಟುಂಬಗಳು ಸ್ವಲ್ಪ ಯೋಚಿಸಿ ನೋಡಬೇಕು.

ನಾವು ನಿಂತಿದ್ದಾಗಲೇ ವಿದೇಶಿಯರ ಸಾಲಿನಲ್ಲಿ ಹೊಸದಾಗಿ ಮದುವೆಯಾದಂತೆ ಕಾಣುತ್ತಿದ್ದ ಜೋಡಿಯೊಂದು ಬಂತು. ಹುಡುಗಿಯ ಕೈಯಲ್ಲಿ ಮದರಂಗಿ ಇನ್ನೂ ಕೆಂಪಾಗಿತ್ತು. ಸೆಕ್ಯೂರಿಟಿಯವರು ಗಂಡನ ಪಾಸ್‌ಪೋರ್ಟ್ ನೋಡಿ ಹಿಂದಿರುಗಿಸಿದರು. ಅವಳದನ್ನು ತೆರೆದು, ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿ, ಎರಡೂ ಕೈಯಲ್ಲಿ ಹಿಡಿದು ವಿನಯದಿಂದ ವಾಪಸು ಕೊಟ್ಟರು. ಗಂಡ ಒಂದು ಕ್ಷಣ ಒಳಗಡೆ ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ಕಾಲುವೆಯ ಕಡೆಗೆ ನಡೆದರು. ಮದುವೆಯಾಗಿದ್ದರೂ, ಗಂಡ ಜೊತೆಗಿದ್ದರೂ, ತಂದೆತಾಯಿ ಜೊತೆಗಿದ್ದರೂ ಈ ಮಿತಿಯಲ್ಲಿ ರಿಯಾಯಿತಿಯಿಲ್ಲ.

ಅದನ್ನು ನೋಡುತ್ತಿದ್ದ ಅಕ್ಕನ ಮಗ, “ಚಿಕ್ಕಮ್ಮ, ಲೋಕಸಭೆಗೆ ಯಾರನ್ನು ಕಳಿಸಬೇಕು ಅಂತ ತೀರ್ಮಾನ ಮಾಡೋಕೆ ನಾನು ದೊಡ್ಡವನು, ಇಲ್ಲಿ ಒಳಗೆ ನಿಂತು ನೋಡೋಕೆ ಚಿಕ್ಕವನಾ?” ಎಂದ. ದನಿಯಲ್ಲಿ ನೋವಿತ್ತು. ಇಪ್ಪತ್ತರ ವಯಸ್ಸಿನಲ್ಲಿ, ಮನೆಯವರೆಲ್ಲರ ಎದುರಿಗೆ, ಅಪ್ಪ ಒಳಗೆ ಹೋಗುವಾಗ ತಾನು ಹೊರಗುಳಿಯುವುದು ಸಣ್ಣ ಸಂಗತಿಯಲ್ಲ. ಸಿಂಗಪುರದಲ್ಲಿ ಮತದಾನದ ವಯಸ್ಸೂ 21 ಎಂದು ಅವನಿಗೆ ಹೇಳಿದೆ. ನಮ್ಮಲ್ಲಿಯೂ 1988ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಬರುವವರೆಗೆ ಅದು 21 ಆಗಿಯೇ ಇತ್ತು, ನಿಮ್ಮಪ್ಪನ ಅಣ್ಣಂದಿರು ಅಷ್ಟು ವಯಸ್ಸಾಗುವವರೆಗೆ ಕಾದೇ ಮೊದಲ ಮತ ಹಾಕಿದವರು ಎಂದೂ ಸೇರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಸರಿ, ನನ್ನೊಬ್ಬನಿಗೆ ಮಾಡಿದ ನಿಯಮ ಅಲ್ಲ” ಎಂದ.

ಭಾವ ಒಳಗಿದ್ದಷ್ಟು ಹೊತ್ತು ನಾವು ಪಕ್ಕದಲ್ಲಿಯೇ ಇರುವ, ಅರಳಿದ ತಾವರೆಯ ಆಕಾರದ ಆರ್ಟ್‌ಸೈನ್ಸ್ ಮ್ಯೂಸಿಯಂಗೆ ಹೋದೆವು. ಮಗಳು ಕಾಗದದ ಮೇಲೆ ಬಣ್ಣ ತುಂಬಿದ ಚಿತ್ರ ಗೋಡೆಯ ಮೇಲೆ ಜೀವ ಬಂದಂತೆ ಓಡಾಡಿತು. ಅದು ಹೇಗೆ ನಡೆಯುತ್ತದೆಂದು ಅಕ್ಕನ ಮಗ ಅಮ್ಮನಿಗೆ ಬಿಡಿಸಿ ಹೇಳಿದ. ಅಲ್ಲಿಂದ 57ನೆಯ ಮಹಡಿಯ ಸ್ಕೈಪಾರ್ಕ್‌ಗೆ ಹತ್ತಿದೆವು. ಮೇಲಿನ ಪ್ರಸಿದ್ಧ ಈಜುಕೊಳ ಹೋಟೆಲ್‌ನಲ್ಲಿ ಉಳಿದವರಿಗೆ ಮಾತ್ರ. ಟಿಕೆಟ್ ಪಡೆದು ಬರುವವರಿಗೆ ವೀಕ್ಷಣಾ ಅಂಗಳವಷ್ಟೇ. ಮಕ್ಕಳಿಗೆ ಈಜುಕೊಳದ ಆಸೆ ತೋರಿಸಿ ಕರೆದುಕೊಂಡು ಬರುವವರು ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಭಾವ ಒಂದು ಗಂಟೆಯೊಳಗೆ ಹೊರಬಂದರು. ಒಳಗೆ ಎಟಿಎಂ ಇಡಲು ಕಾನೂನಿನಲ್ಲಿ ಅವಕಾಶವಿಲ್ಲ, ಜೇಬಿನಲ್ಲಿದ್ದದ್ದು ಮುಗಿದರೆ ಎದ್ದು ಹೊರಗೆ ಬರಬೇಕಾಗುತ್ತದೆ ಎಂಬುದು ಅವರಿಗೆ ಬಹಳ ಮೆಚ್ಚಿಕೆಯಾಗಿತ್ತು. ಕುಟುಂಬದವರೇ ಅರ್ಜಿ ಕೊಟ್ಟು ಜೂಜಿನ ಚಟವಿರುವ ಗಂಡನನ್ನೋ ಮಗನನ್ನೋ ಕ್ಯಾಸಿನೊದಿಂದ ಹೊರಗಿಡಿಸಬಹುದಾದ ಏರ್ಪಾಟು ಸಿಂಗಪುರದಲ್ಲಿದೆ ಎಂದು ನಾನು ಓದಿಕೊಂಡಿದ್ದನ್ನು ಹೇಳಿದಾಗ ಅಕ್ಕ ಕಿವಿ ನೆಟ್ಟಗೆ ಮಾಡಿ ಕೇಳಿದಳು. ದಿವಾಳಿಯಾದವರಿಗೂ ಸರ್ಕಾರದ ನೆರವಿನಿಂದ ಬದುಕುವವರಿಗೂ ಅರ್ಜಿಯ ಅಗತ್ಯವೂ ಇಲ್ಲದೆ ಪ್ರವೇಶ ನಿಷಿದ್ಧ. 21 ವರ್ಷದ ಗೆರೆ ದಾಟಿದವರೆಲ್ಲ ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಾರೆ ಎಂದು ಆ ದೇಶ ನಂಬಿ ಕುಳಿತಿಲ್ಲ.

ರಾತ್ರಿ ಊಟದ ಹೊತ್ತಿಗೆ ಇದೇ ವಿಷಯ ಬೇರೆ ರೂಪದಲ್ಲಿ ಎದ್ದಿತು. ಸಿಂಗಪುರದಲ್ಲಿ ಮದ್ಯಕ್ಕೆ 18 ವರ್ಷ ಸಾಕು. ಸಿಂಗಪುರ್ ಪೂಲ್ಸ್‌ನ ಅಂಗಡಿಯಲ್ಲಿ ಲಾಟರಿ ಚೀಟಿ ಕೊಳ್ಳಲೂ 18 ಸಾಕು. ಆದರೆ ಸಿಗರೇಟಿಗೆ 2021ರಿಂದ 21 ಆಗಿರಬೇಕು. ಪಕ್ಕದ ಮೇಜಿನ ಹುಡುಗರ ಮುಂದೆ ಬಿಯರ್ ಇತ್ತು. ಅಕ್ಕನ ಮಗ ಏನನ್ನೂ ಕೇಳಲಿಲ್ಲ, ಆದರೂ ಭಾವ ತಾವಾಗಿಯೇ, “ನೋಡಪ್ಪಾ, ಇಲ್ಲಿನ ಕಾನೂನು ನಿನಗೆ ಬೇಡ ಅನ್ನಲ್ಲ, ಅಜ್ಜಿ ಎದುರಿಗೆ ಬೇಡ ಅಂತ ನಾನು ಹೇಳ್ತೀನಿ” ಎಂದರು. ಕಾನೂನು ಹೇಳುವುದು ಯಾವುದು, ಮನೆ ಹೇಳುವುದು ಯಾವುದು ಎಂದು ಹೀಗೆ ಬೇರ್ಪಡಿಸಿ ಹೇಳಿದ ಭಾವನ ರೀತಿ ನನಗೆ ಇಷ್ಟವಾಯಿತು.

ಎರಡನೆಯ ದಿನ: ಸೆಂಟೋಸಾ

ವಿವೊಸಿಟಿ ಮಾಲ್‌ನಿಂದ ಪುಟ್ಟ ರೈಲಿನಲ್ಲಿ ಸೆಂಟೋಸಾ ದ್ವೀಪಕ್ಕೆ ಹೋದೆವು. ಇಲ್ಲಿನ ರೆಸಾರ್ಟ್ಸ್ ವರ್ಲ್ಡ್ ನಡೆಸುವವರು ಗೆಂಟಿಂಗ್ ಸಮೂಹದವರೇ. ಮರೀನಾ ಬೇಗಿಂತ ಕೆಲವು ವಾರ ಮೊದಲು, 2010ರ ಫೆಬ್ರವರಿ 14ರಂದು, ಸಿಂಗಪುರದ ಮೊದಲ ಕ್ಯಾಸಿನೊ ತೆರೆದದ್ದು ಇಲ್ಲಿಯೇ. ಕ್ಯಾಸಿನೊ ನೆಲಮಾಳಿಗೆಯಲ್ಲಿದೆ. ಯೂನಿವರ್ಸಲ್ ಸ್ಟುಡಿಯೋಸ್‌ನ ತಿರುಗುವ ಗೋಳದ ಮುಂದೆ ಫೋಟೊ ತೆಗೆಸಿಕೊಳ್ಳುವ ಜನಕ್ಕೆ ತಮ್ಮಿಂದ ಕೂಗಳತೆಯ ದೂರದಲ್ಲಿ ಅದು ಇದೆ ಎಂದು ಅನಿಸುವುದೇ ಇಲ್ಲ.

ಆ ದಿನ ನಮ್ಮಲ್ಲಿ ಯಾರೂ ಕ್ಯಾಸಿನೊ ಕಡೆಗೆ ತಲೆ ಹಾಕಲಿಲ್ಲ. ಆದರೆ ವಯಸ್ಸಿನ ಲೆಕ್ಕ ನಮ್ಮನ್ನು ಬಿಡಲಿಲ್ಲ. ಥೀಮ್ ಪಾರ್ಕ್‌ನ ಟಿಕೆಟ್ ಖಿಡಕಿಯಲ್ಲಿ 4ರಿಂದ 12ರವರೆಗೆ ಮಕ್ಕಳು, 13 ತುಂಬಿದರೆ ವಯಸ್ಕರು, 60 ತುಂಬಿದರೆ ಹಿರಿಯರು. ನೆಲಮಾಳಿಗೆಯ ಬಾಗಿಲಲ್ಲಿ ಇನ್ನೂ ಚಿಕ್ಕವನಾದ ಅಕ್ಕನ ಮಗ ಇಲ್ಲಿ ಏಳು ವರ್ಷಗಳ ಹಿಂದೆಯೇ ದೊಡ್ಡವನಾಗಿದ್ದ. ಟಿಕೆಟ್‌ನ ದರ ನಿಗದಿಪಡಿಸುವವರು ಹಿಡಿಯುವ ವಯಸ್ಸು ಬೇರೆ, ಅಪಾಯವನ್ನು ಅಳೆಯುವವರು ಹಿಡಿಯುವ ವಯಸ್ಸು ಬೇರೆ. ಕುಟುಂಬದ ಖರ್ಚಿನ ಅಂದಾಜು ಮಾಡುವಾಗ ಮೊದಲನೆಯದನ್ನೂ, ದಿನದ ಕಾರ್ಯಕ್ರಮ ಹಾಕುವಾಗ ಎರಡನೆಯದನ್ನೂ ನೋಡಬೇಕಾಗುತ್ತದೆ.

ಒಳಗೆ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಜೋಡಿ ರೋಲರ್ ಕೋಸ್ಟರ್ ಇದೆ. ಅದನ್ನು ಹತ್ತಲು ಕನಿಷ್ಠ 125 ಸೆಂಟಿಮೀಟರ್ ಎತ್ತರವಿರಬೇಕು. ಮಗಳು ಅಣ್ಣನ ಜೊತೆ ಹೋಗಿಯೇ ತೀರುತ್ತೇನೆಂದು ಸಾಲಿನಲ್ಲಿ ನಿಂತಳು. ಅಳತೆಯ ಪಟ್ಟಿಯ ಕೆಳಗೆ ಅವಳನ್ನು ನಿಲ್ಲಿಸಿದ ಕೆಲಸದ ಹುಡುಗಿ, ಮೇಲೆ ಕಟ್ಟಿದ್ದ ಜುಟ್ಟನ್ನು ಮೆಲ್ಲಗೆ ಬದಿಗೆ ಒತ್ತಿ, ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿದಳು. ಎರಡು ಬೆರಳಿನಷ್ಟು ಕಡಿಮೆಯಾಯಿತು. ಮಗಳ ಕಣ್ಣು ತುಂಬಿತು. ಅಕ್ಕನ ಮಗ ಹತ್ತಬಹುದಾಗಿದ್ದರೂ ಸಾಲು ಬಿಟ್ಟು ಅವಳ ಜೊತೆ ಹೊರಗೆ ಬಂದ. ಸ್ವಲ್ಪ ಹೊತ್ತಿಗೆ ಸಮಾಧಾನವಾದ ಮೇಲೆ ಅವಳೇ, “ಅಣ್ಣ, ನಂಗೆ ಎತ್ತರ ಸಾಲಲ್ಲ, ನಿಂಗೆ ವಯಸ್ಸು ಸಾಲಲ್ಲ” ಎಂದಳು. ಅವನು ಮನಸಾರೆ ನಕ್ಕ. ಹಿಂದಿನ ದಿನದ ಬಿಗುವು ಅವನ ಮುಖದಿಂದ ಇಳಿದದ್ದು ಆಗಲೇ.

ಮಧ್ಯಾಹ್ನದ ಮೇಲೆ ಓಷನೇರಿಯಂ ನೋಡಿದೆವು. ಮೊದಲಿದ್ದ ಅಕ್ವೇರಿಯಂನ ಮೂರು ಪಟ್ಟು ದೊಡ್ಡದಾಗಿ 2025ರಲ್ಲಿ ತೆರೆದ ಇದರಲ್ಲಿ ಎಂಟರ ಮೊಮ್ಮಗಳಿಗೂ ಎಪ್ಪತ್ತರ ಅಜ್ಜಿಗೂ ಒಂದೇ ಸಮನಾದ ಬೆರಗು. ಇಡೀ ಕುಟುಂಬ ಒಟ್ಟಿಗೆ, ಯಾರನ್ನೂ ಹೊರಗೆ ನಿಲ್ಲಿಸದೆ ಕಳೆದ ಆ ಹೊತ್ತಿನಿಂದಾಗಿ, ಈ ಪ್ರವಾಸದಲ್ಲಿ ಮಕ್ಕಳ ದೃಷ್ಟಿಯಿಂದ ಸೆಂಟೋಸಾಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ.

ಮೂರನೆಯ ದಿನ: ಗಡಿಯಾಚೆ

ಬಸ್ಸಿನಲ್ಲಿ ಗಡಿ ದಾಟಿ ಕ್ವಾಲಾಲಂಪುರ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಪೆಟ್ರೋನಾಸ್ ಗೋಪುರಗಳನ್ನು ದೀಪದ ಬೆಳಕಿನಲ್ಲಿ ನೋಡಿ, ಊಟ ಮುಗಿಸಿ ಮಲಗಿದೆವು. ಗಡಿ ದಾಟುತ್ತಿದ್ದಂತೆ ನಿಯಮಗಳೂ ಬದಲಾಗಿದ್ದವು: ಮಲೇಷ್ಯಾದಲ್ಲಿ 2017ರ ಡಿಸೆಂಬರ್‌ನಿಂದ ಮದ್ಯದ ವಯಸ್ಸು 18ರಿಂದ 21ಕ್ಕೆ ಏರಿದೆ, ಅದೇ ದೇಶ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ 2021ರ ಡಿಸೆಂಬರ್‌ನಲ್ಲಿ ಜಾರಿಗೆ ತಂದಿತು. ಎರಡು ದೇಶ ಸುತ್ತುವ ಕುಟುಂಬ ಒಂದು ಕಡೆಯ ನಿಯಮವನ್ನು ಇನ್ನೊಂದು ಕಡೆಗೂ ಹೊತ್ತುಕೊಂಡು ಹೋಗಲಾಗದು.

ನಾಲ್ಕನೆಯ ದಿನ: ಗೆಂಟಿಂಗ್

ಬೆಳಿಗ್ಗೆ ವ್ಯಾನಿನಲ್ಲಿ ಹೊರಟೆವು. ಕ್ವಾಲಾಲಂಪುರದಿಂದ ಸುಮಾರು ಒಂದು ಗಂಟೆಯ ದಾರಿ. ಚಾಲಕರು ಮಲಯ್ ಮುಸ್ಲಿಮರು, ಮಾತಿನಲ್ಲಿ ಬಹಳ ಸಜ್ಜನರು. ವರ್ಷಗಟ್ಟಲೆ ಪ್ರವಾಸಿಗರನ್ನು ಈ ಬೆಟ್ಟಕ್ಕೆ ಕರೆತರುತ್ತಿರುವ ಅವರು ಕ್ಯಾಸಿನೊದ ಒಳಗನ್ನು ಒಮ್ಮೆಯೂ ನೋಡಿಲ್ಲ. 21 ತುಂಬದವರಿಗೆ ಹೇಗೋ ಹಾಗೆಯೇ ಮುಸ್ಲಿಮರಿಗೂ, ವಯಸ್ಸು ಎಷ್ಟೇ ಇರಲಿ, ಅಲ್ಲಿ ಪ್ರವೇಶವಿಲ್ಲ. ಅದರಿಂದ ತಮಗೆ ಬೇಸರವೇನೂ ಇಲ್ಲ, ಮಕ್ಕಳನ್ನು ಮಾತ್ರ ಮೇಲಿನ ಆಟದ ಪಾರ್ಕ್‌ಗೆ ಆಗಾಗ ಕರೆದುಕೊಂಡು ಹೋಗುತ್ತೇನೆ ಎಂದರು.

ಅವಾನಾ ನಿಲ್ದಾಣದಲ್ಲಿ ಕೇಬಲ್ ಕಾರ್ ಹತ್ತಿದೆವು. ಕೆಳಗೆ ದಟ್ಟ ಮಳೆಕಾಡು, ನಡುವೆ ಮಂಜು. ಮಲೆನಾಡಿನ ಆಷಾಢದ ಬೆಳಗಿನಂಥ ಹಸಿ ಚಳಿ. ಲಿಮ್ ಗೋ ಟಾಂಗ್ ಎಂಬ ಚೀನಾ ಮೂಲದ ಉದ್ಯಮಿ 1965ರಲ್ಲಿ ಈ ಕಾಡಿನಲ್ಲಿ ರಸ್ತೆ ಕಡಿಸಲು ಆರಂಭಿಸಿದರು. ಪ್ರಧಾನಿ ತುಂಕು ಅಬ್ದುಲ್ ರಹಮಾನ್ 1969ರಲ್ಲಿ ಹೋಟೆಲ್‌ಗೆ ಅಡಿಗಲ್ಲು ಇಟ್ಟರು. 1971ರಲ್ಲಿ ಮೊದಲ ಹೋಟೆಲ್ ತೆರೆಯಿತು. ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ತುದಿಯಲ್ಲಿ ಇಂದು ಒಂದು ಊರೇ ಇದೆ. ನಾವು ಉಳಿದ ಫಸ್ಟ್ ವರ್ಲ್ಡ್ ಹೋಟೆಲ್‌ನಲ್ಲಿ 7,351 ಕೋಣೆಗಳಿವೆ. ಕೋಣೆಗಳ ಸಂಖ್ಯೆಯಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದ ಹೋಟೆಲ್ ಇದು.

ಇಲ್ಲಿ ಎಲ್ಲವೂ ಒಂದೇ ಸೂರಿನಡಿ. ಮಾಲ್, ಒಳಾಂಗಣ ಆಟದ ಪಾರ್ಕ್, ಊಟದ ಸಾಲುಗಳು, ಹೋಟೆಲ್‌ನ ಮೊಗಸಾಲೆ, ಇವುಗಳ ನಡುವೆ ಕ್ಯಾಸಿನೊದ ದ್ವಾರ. ಹೊರಗೆ ಮಳೆ ಮಂಜು ಇರುವುದರಿಂದ ಜನವೆಲ್ಲ ಒಳಗೇ ಓಡಾಡುತ್ತಾರೆ. ದ್ವಾರದಲ್ಲಿ ಕಾವಲು ಬಿಗಿಯಾಗಿಯೇ ಇದೆ, 21ರ ಫಲಕವೂ ಇದೆ. ಆದರೆ ಮರೀನಾ ಬೇಯಲ್ಲಿ ಕುಟುಂಬದ ದಾರಿ ಎಷ್ಟು ದೂರವಿತ್ತೋ ಅಷ್ಟು ದೂರ ಇಲ್ಲಿಲ್ಲ. ಮಗಳು ಆ ದ್ವಾರವನ್ನು ದಿನಕ್ಕೆ ಹಲವು ಬಾರಿ ನೋಡಿದಳು, ಪ್ರತಿ ಬಾರಿಯೂ ಒಳಗೆ ಏನಿದೆ ಎಂದು ಕೇಳಿದಳು. ದುಡ್ಡು ಇಟ್ಟು ಆಡುವ ಆಟ, ಹೆಚ್ಚಿನವರು ಕಳೆದುಕೊಂಡು ಬರುತ್ತಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮುಚ್ಚಿಟ್ಟರೆ ಕುತೂಹಲ ಬೆಳೆಯುತ್ತದೆ.

ಸಂಜೆ ಅಮ್ಮ ಅನಿರೀಕ್ಷಿತವಾಗಿ, “ನಾನೂ ಒಂದು ಸಲ ಒಳಗೆ ನೋಡ್ತೀನಿ ಕಣೇ” ಎಂದರು. ಅಕ್ಕ ಅವರ ಕೈಹಿಡಿದು ಕರೆದೊಯ್ದಳು. ಇಳಕಲ್ ಸೀರೆಯುಟ್ಟು ಕಾಲುಚೀಲ ಹಾಕಿದ್ದ ಅಜ್ಜಿಗೆ ಸೆಕ್ಯೂರಿಟಿಯವರು ತಲೆಬಾಗಿ ದಾರಿ ಬಿಟ್ಟರು. ಆರಡಿ ಎತ್ತರದ ಮೊಮ್ಮಗ ಗೆರೆಯ ಈಚೆ ನನ್ನ ಪಕ್ಕದಲ್ಲಿ ನಿಂತಿದ್ದ. ಹತ್ತು ನಿಮಿಷದಲ್ಲೇ ಹಿಂದಿರುಗಿದ ಅಮ್ಮ, “ನನ್ನ ವಯಸ್ಸಿನ ಹೆಂಗಸರು ಯಂತ್ರದ ಮುಂದೆ ಕೂತಿದಾರೆ, ಗೆದ್ದರೂ ನಗಲ್ಲ, ಸೋತರೂ ಅಳಲ್ಲ, ಬರೀ ಗುಂಡಿ ಒತ್ತತಾ ಇರ್ತಾರೆ” ಎಂದರು. ಆಮೇಲೆ ಕಾಫಿ ಕುಡಿಯುತ್ತ ಊರಿನ ಯುಗಾದಿಯ ಮಾತು ತೆಗೆದರು. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಯುಗಾದಿಯ ದಿನ ಜಗಲಿಯ ಮೇಲೆ ಇಸ್ಪೀಟಿನ ಆಟ ಕೂರುತ್ತಿತ್ತು. ಗಂಡಸರು ಹಣ ಕಟ್ಟಿ ಆಡುವಾಗ ಹುಡುಗರು ಅವರ ಹೆಗಲ ಮೇಲಿಂದ ಬಗ್ಗಿ ಎಲೆ ನೋಡುತ್ತಿದ್ದರು, ಗೆದ್ದ ದೊಡ್ಡಪ್ಪ ಹುಡುಗರ ಕೈಗೂ ಚಿಲ್ಲರೆ ಕೊಟ್ಟು ಕಟ್ಟಲು ಹೇಳುತ್ತಿದ್ದರು. “ನಮ್ಮ ಜಗಲಿಗೆ ಯಾವ ಕಾವಲೂ ಇರಲಿಲ್ಲ. ಆ ಹುಡುಗರಲ್ಲೇ ಇಬ್ಬರು ಆಮೇಲೆ ಜಮೀನು ಕಳಕೊಂಡರು” ಎಂದು ಅಮ್ಮ ಹೇಳಿದಾಗ ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಹಬ್ಬದ ಆಟವೆಂದು ನಾವು ಸಲೀಸಾಗಿ ಬಿಡುವ ಸಂಗತಿಯನ್ನು ಮಕ್ಕಳಿರುವ ಮನೆಗಳು ಇನ್ನೊಮ್ಮೆ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಸಂಜೆ ಕಂಡ ಇನ್ನೊಂದು ದೃಶ್ಯವನ್ನೂ ಬರೆಯಲೇಬೇಕು. ದ್ವಾರದಿಂದ ಸ್ವಲ್ಪ ದೂರದ ಕಂಬದ ಬುಡದಲ್ಲಿ ಹತ್ತು ವರ್ಷದ ಹುಡುಗಿಯೂ ಅವಳ ಪುಟ್ಟ ತಮ್ಮನೂ ಒಂದೇ ಮೊಬೈಲ್ ಹಿಡಿದು ಕುಳಿತಿದ್ದರು. ನಾವು ಊಟಕ್ಕೆ ಹೋಗುವಾಗ ಇದ್ದವರು ಊಟ ಮುಗಿಸಿ ಬಂದಾಗಲೂ ಅಲ್ಲೇ ಇದ್ದರು. ಹುಡುಗ ನಿದ್ದೆಗಣ್ಣಿನಲ್ಲಿ ಅಕ್ಕನಿಗೆ ಒರಗಿದ್ದ. ನಾನು ಪಕ್ಕದಲ್ಲಿ ಕುಳಿತು ಮಾತಾಡಿಸಿದಾಗ, ಅಪ್ಪ ಅಮ್ಮ ಒಳಗಿದ್ದಾರೆ, ಇಲ್ಲಿಂದ ಕದಲಬೇಡಿ ಎಂದು ಹೇಳಿದ್ದಾರೆ ಎಂದಳು. ಭಾವ ಸೆಕ್ಯೂರಿಟಿಯವರಿಗೆ ತಿಳಿಸಿದರು. ಸ್ವಲ್ಪ ಹೊತ್ತಿನಲ್ಲಿ ತಾಯಿ ಓಡಿಬಂದರು. ಮಕ್ಕಳು ಒಳಗೆ ಹೋಗಬಾರದು ಎಂಬಷ್ಟನ್ನು ನಿಯಮ ನೋಡಿಕೊಳ್ಳುತ್ತದೆ. ಹೊರಗೆ ಉಳಿದ ಮಕ್ಕಳ ಜೊತೆ ಯಾರಿರಬೇಕು ಎಂಬುದನ್ನು ಅಪ್ಪ ಅಮ್ಮನೇ ನೋಡಿಕೊಳ್ಳಬೇಕು. ಸಾವಿರಾರು ಅಪರಿಚಿತರು ಓಡಾಡುವ ಜಾಗದಲ್ಲಿ ಹತ್ತು ವರ್ಷದ ಹುಡುಗಿಯನ್ನು ತಮ್ಮನಿಗೆ ತಾಯಿಯಾಗಿ ಕೂರಿಸುವುದು ತಪ್ಪು, ಐದು ನಿಮಿಷಕ್ಕಾದರೂ ತಪ್ಪು.

ರಾತ್ರಿ ಅಕ್ಕನ ಮಗ, ಯಾರದಾದರೂ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವವರೂ ಇರಬಹುದಲ್ಲ ಎಂದು ಕೇಳಿದ. ಸಿಂಗಪುರದಲ್ಲಾದರೆ ವಯಸ್ಸಾಗದೆ ಒಳಗೆ ಹೋದವನ ಮೇಲೂ ಬಿಟ್ಟ ಸಂಸ್ಥೆಯ ಮೇಲೂ ಕಾನೂನಿನ ಕ್ರಮವಾಗುತ್ತದೆ ಎಂದು ಭಾವ ಹೇಳಿ, ಲಾಸ್ ವೇಗಸ್‌ನ ಹಳೆಯ ಪ್ರಕರಣವೊಂದನ್ನು ನೆನಪಿಸಿದರು. 1987ರಲ್ಲಿ ಅಲ್ಲಿನ ಒಂದು ಕ್ಯಾಸಿನೊದಲ್ಲಿ 19 ವರ್ಷದ ಹುಡುಗನಿಗೆ ಯಂತ್ರದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ಬಹುಮಾನ ಬಿದ್ದಿತು. ವಯಸ್ಸು ಗೊತ್ತಾದ ಕೂಡಲೇ ಹಣ ಕೊಡಲು ನಿರಾಕರಿಸಲಾಯಿತು. ಮೊಕದ್ದಮೆ ಮೇಲ್ಮನವಿಯವರೆಗೂ ಹೋಗಿ, 1991ರಲ್ಲಿ ಹುಡುಗನ ವಿರುದ್ಧವೇ ತೀರ್ಪು ಬಂತು. “ಸೋತರೆ ದುಡ್ಡು ಹೋಗತ್ತೆ, ಗೆದ್ದರೆ ಸಿಗಲ್ಲ. ಹಾಗಾದ್ರೆ ಆಡೋದಾದ್ರೂ ಯಾಕೆ?” ಎಂದ ಅಕ್ಕನ ಮಗ.

ಐದನೆಯ ದಿನ: ಆಟದ ಯಂತ್ರ ಮತ್ತು ಇಳಿಜಾರು

ಬೆಳಿಗ್ಗೆ ಮಳೆ ಸುರಿಯುತ್ತಿದ್ದುದರಿಂದ 2022ರಲ್ಲಿ ತೆರೆದ ಹೊರಾಂಗಣದ ಸ್ಕೈವರ್ಲ್ಡ್ಸ್ ಪಾರ್ಕ್ ಬಿಟ್ಟು ಮಕ್ಕಳ ವಿಡಿಯೊ ಗೇಮ್ ಅಂಗಳಕ್ಕೆ ಹೋದೆವು. ಅಲ್ಲಿ ವಯಸ್ಸಿನ ಫಲಕ ಯಾವುದೂ ಇಲ್ಲ. ಮಗಳು ಗಾಜಿನ ಪೆಟ್ಟಿಗೆಯಿಂದ ಗೊಂಬೆ ಎತ್ತುವ ಯಂತ್ರದ ಮುಂದೆ ನಿಂತಳು. ಉಕ್ಕಿನ ಉಗುರು ಗೊಂಬೆಯ ಕಿವಿ ಹಿಡಿದು ಎತ್ತುತ್ತಿತ್ತು, ತೂತಿನ ಹತ್ತಿರ ಬರುವಷ್ಟರಲ್ಲಿ ಸಡಿಲವಾಗಿ ಬೀಳಿಸುತ್ತಿತ್ತು. ಪ್ರತಿ ಸಲವೂ “ಇನ್ನೊಂದೇ ಒಂದು ಸಲ, ಈ ಸಲ ಬರತ್ತೆ” ಎನ್ನುತ್ತಿದ್ದಳು. ಅವಳ ಕಣ್ಣಿನಲ್ಲಿದ್ದ ಆ ಬಿಗಿತ ಕಂಡು ನನಗೆ ಹಿಂದಿನ ಸಂಜೆ ಅಮ್ಮ ಹೇಳಿದ ಹೆಂಗಸರ ನೆನಪಾಯಿತು.

ನಾನು ಕೈಹಿಡಿದು ಎಳೆಯುವ ಮೊದಲೇ ಅಕ್ಕನ ಮಗ ಅವಳ ಪಕ್ಕದಲ್ಲಿ ಮಂಡಿಯೂರಿ ಕುಳಿತ. “ನೋಡು ಪುಟ್ಟಿ, ಈ ಉಗುರು ಎಷ್ಟು ಗಟ್ಟಿಯಾಗಿ ಹಿಡೀಬೇಕು ಅಂತ ಯಂತ್ರ ಇಟ್ಟೋರೇ ಹೊಂದಿಸಬಹುದು. ನೀನು ಎಷ್ಟು ಜಾಣತನದಿಂದ ಆಡಿದ್ರೂ ಹಿಡಿತ ಅವರ ಕೈಯಲ್ಲೇ ಇರತ್ತೆ. ಎಣಿಸು, ಎಷ್ಟು ಜನಕ್ಕೆ ಗೊಂಬೆ ಸಿಗತ್ತೆ ಅಂತ ಎಣಿಸು” ಎಂದ. ಇಬ್ಬರೂ ಪಕ್ಕಕ್ಕೆ ಸರಿದು ಬೇರೆಯವರ ಆಟ ನೋಡುತ್ತ ಎಣಿಸಲು ಕುಳಿತರು. ಒಂದೂ ಗೊಂಬೆ ಹೊರಗೆ ಬಾರದೆ ಬಹಳ ಹೊತ್ತಾದ ಮೇಲೆ ಮಗಳೇ ಎದ್ದು, “ಸಾಕು, ಹೋಗೋಣ” ಎಂದಳು. ಇಪ್ಪತ್ತೊಂದು ತುಂಬದವನೆಂದು ಎರಡು ದೇಶಗಳ ದ್ವಾರಗಳ ಹೊರಗೆ ಉಳಿದ ಹುಡುಗ ಆ ಬೆಳಿಗ್ಗೆ ಮಾಡಿದ ಕೆಲಸವನ್ನು ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ ಮಾಡಲಾರದವರಾಗಿದ್ದೆವು. ಅಕ್ಕನಿಗೆ ಇದನ್ನು ಅಲ್ಲಿಯೇ ಹೇಳಿದೆ.

ಇಳಿಯುವಾಗ ಕೇಬಲ್ ಕಾರಿನ ನಡುವಣ ನಿಲ್ದಾಣದಲ್ಲಿ ಇಳಿದು, ಲಿಮ್ ಗೋ ಟಾಂಗ್ ಅವರೇ ಕಟ್ಟಿಸಿ 1994ರಲ್ಲಿ ತೆರೆದ ಚಿನ್ ಸ್ವೀ ಗುಹಾ ದೇವಾಲಯ ನೋಡಿದೆವು. ಬೆಟ್ಟದ ಅಂಚಿನಲ್ಲಿ ಬೃಹತ್ ಬುದ್ಧ, ಒಂಬತ್ತು ಅಂತಸ್ತಿನ ಗೋಪುರ. ಅಮ್ಮ ಅಲ್ಲಿ ಬಹಳ ಹೊತ್ತು ಕುಳಿತರು. ಇಡೀ ಬೆಟ್ಟದಲ್ಲಿ ಟಿಕೆಟ್ಟು, ವಯಸ್ಸು, ಎತ್ತರ ಯಾವುದನ್ನೂ ಕೇಳದೆ ನಮ್ಮೆಲ್ಲರನ್ನೂ ಒಟ್ಟಿಗೆ ಬಿಟ್ಟುಕೊಂಡ ಜಾಗ ಅದು.

ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ದಾವಣಗೆರೆಯಿಂದ ಅಕ್ಕನ ನಾದಿನಿಯ ಫೋನ್ ಬಂತು. ಹೊಸ ವರ್ಷಕ್ಕೆ ಅವರೂ ಇದೇ ಪ್ರವಾಸಕ್ಕೆ ಹೊರಡುವವರಿದ್ದಾರೆ. ದೊಡ್ಡ ಮಗನಿಗೆ 22, ಚಿಕ್ಕವನಿಗೆ 19. ಗೆಂಟಿಂಗ್‌ನಲ್ಲಿ ಎರಡು ರಾತ್ರಿ ಉಳಿಯುವುದೋ ಮೂರೋ ಎಂದು ಕೇಳಿದರು. ಒಂದೇ ರಾತ್ರಿ ಸಾಕು, ಉಳಿದದ್ದನ್ನು ಸೆಂಟೋಸಾಕ್ಕೆ ಸೇರಿಸಿಕೊಳ್ಳಿ ಎಂದು ಅಕ್ಕ ಹೇಳಿದಳು. ಅಣ್ಣ ಒಳಗೆ, ತಮ್ಮ ಹೊರಗೆ ಎಂದಾಗುವುದನ್ನು ಇಬ್ಬರಿಗೂ ಈಗಲೇ ಕೂರಿಸಿ ತಿಳಿಸಿ, ದ್ವಾರದಲ್ಲಿ ಎಲ್ಲರೆದುರು ತಿಳಿಯುವಂತೆ ಮಾಡಬೇಡಿ ಎಂದೂ, ಪ್ರತಿಯೊಬ್ಬರೂ ತಮ್ಮ ತಮ್ಮ ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಳ್ಳಿ ಎಂದೂ ಹೇಳಿ ಫೋನನ್ನು ಮಗನ ಕೈಗೆ ಕೊಟ್ಟಳು. ಅವನು ಅತ್ತೆಗೆ ಅವರ ಚಿಕ್ಕ ಮಗನನ್ನು ಕರೆಯಲು ಹೇಳಿ, ಆರ್ಟ್‌ಸೈನ್ಸ್ ಮ್ಯೂಸಿಯಂನ ಟಿಕೆಟ್ ಎಲ್ಲಿ ಪಡೆಯಬೇಕೆಂಬುದನ್ನು ವಿವರಿಸತೊಡಗಿದ.